ಡೇ ಕೇರ್ ಕೆಲಸ ಬಿಡದೆ ಕೋರ್ಸ್ ಓದುವುದು

ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದುಕೊಂಡೇ ಶಿಶುಪಾಲನೆಯ ಕೋರ್ಸ್ ಓದಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಧಾರಾಳವಾಗಿ ಓದಬಹುದು. ನನ್ನನ್ನು ಕೇಳಿದರೆ ಈ ಓದನ್ನು ಕೆಲಸದ ಜೊತೆಗೇ ಮಾಡಬೇಕು. ಸುಸ್ತಾಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ದಿನವಿಡೀ ಬಗ್ಗಿ, ಎದ್ದು, ಡಯಾಪರ್ ಬದಲಿಸಿ, ಒಬ್ಬರ ಅಳು ನಿಲ್ಲಿಸುವಷ್ಟರಲ್ಲಿ ಇನ್ನೊಬ್ಬರ ಅಳು ಶುರುವಾಗಿ, ಕೊನೆಗೆ ಮನೆ ಸೇರಿದ ಮೇಲೆ ಅಸೈನ್‌ಮೆಂಟ್ ಬರೆಯಲು ಕೂತರೆ ಕಣ್ಣು ಎಳೆಯುತ್ತದೆ. ಆದರೆ ರಾತ್ರಿ ಓದಿದ್ದು ಬೆಳಿಗ್ಗೆ ಕಣ್ಣೆದುರೇ ನಡೆಯುತ್ತದೆ ನೋಡಿ, ಆ ಲಾಭ ಬೇರೆ ಯಾವ ರೀತಿ ಓದಿದರೂ ಸಿಗುವುದಿಲ್ಲ.

ಆಟದ ಪಾಠವನ್ನೇ ತೆಗೆದುಕೊಳ್ಳಿ. ಮಕ್ಕಳು ಹೇಗೆ ಹೇಗೆ ಆಡುತ್ತಾರೆ ಅಂತ ಅಮೆರಿಕದ ಸಂಶೋಧಕಿ ಮಿಲ್ಡ್ರೆಡ್ ಪಾರ್ಟನ್ 1932ರಲ್ಲಿ ಬರೆದದ್ದು ಇವತ್ತಿಗೂ ಹೆಚ್ಚಿನ ಕೋರ್ಸ್‌ಗಳಲ್ಲಿ ಬರುತ್ತದೆ. ಒಬ್ಬರೇ ಆಡುವುದು, ನಿಂತು ನೋಡುವುದು, ಪಕ್ಕಪಕ್ಕದಲ್ಲಿ ಆಡುವುದು, ಕೊನೆಗೆ ಕೂಡಿ ಆಡುವುದು. ಪುಸ್ತಕದಲ್ಲಿ ಇದು ಒಂದು ಪುಟ, ಅಷ್ಟೇ. ಕೋಣೆಯಲ್ಲಿ ನೋಡಿದಾಗ ಬೇರೆಯೇ. ಎರಡು ವರ್ಷದ ಇಬ್ಬರು ಒಂದೇ ಚಾಪೆಯ ಮೇಲೆ ಬ್ಲಾಕ್ ಹಿಡಿದು ಕೂತಿರುತ್ತಾರೆ. ಒಬ್ಬಳು ಡಬ್ಬಿಗೆ ತುಂಬುತ್ತಾಳೆ, ಸುರಿಯುತ್ತಾಳೆ, ಮತ್ತೆ ತುಂಬುತ್ತಾಳೆ. ಇನ್ನೊಬ್ಬ ಸಾಲಾಗಿ ಜೋಡಿಸುತ್ತಾನೆ. ಮಾತಿಲ್ಲ, ಕತೆಯಿಲ್ಲ. ಆದರೆ ಅವಳು ಡಬ್ಬಿಯನ್ನು ನೆಲಕ್ಕೆ ಕುಟ್ಟಿದ ಕೂಡಲೇ ಅವನೂ ಬ್ಲಾಕ್ ತೆಗೆದುಕೊಂಡು ನೆಲಕ್ಕೆ ಕುಟ್ಟುತ್ತಾನೆ, ತಲೆ ಎತ್ತಿಯೂ ನೋಡುವುದಿಲ್ಲ! ಇದೇ ಪಕ್ಕಪಕ್ಕದ ಆಟ. ಇದನ್ನು ಕಂಡ ಮೇಲೆ ಆ ವಯಸ್ಸಿನವರಿಗೆ ‘ಇಬ್ಬರೂ ಹಂಚಿಕೊಂಡು ಆಡಿ’ ಅಂತ ಒತ್ತಾಯ ಮಾಡಲು ಮನಸ್ಸಾಗುವುದಿಲ್ಲ. ಒಂದೇ ತರಹದ ಎರಡು ಡಬ್ಬಿ ಇಟ್ಟರೆ ಅರ್ಧ ಜಗಳ ಮುಗಿದ ಹಾಗೆ.

ಬೆಳಗಿನ ಅಳುವೂ ಹಾಗೆಯೇ. ಎಂಟು ತಿಂಗಳು ಕಳೆದ ಮೇಲೆ ತುಂಬಾ ಮಕ್ಕಳು ಅಮ್ಮ ಬಾಗಿಲ ಕಡೆ ತಿರುಗಿದರೆ ಸಾಕು, ಅಳಲು ಶುರು ಮಾಡುತ್ತಾರೆ. ಕಣ್ಣಿಗೆ ಕಾಣದಿದ್ದರೂ ಅಮ್ಮ ಎಲ್ಲೋ ಇದ್ದಾಳೆ ಅನ್ನುವುದು ಗೊತ್ತಾಗಲು ಶುರುವಾಗುವ ಕಾಲ ಅದು, ಮಕ್ಕಳ ಬುದ್ಧಿ ಬೆಳೆಯುವ ಬಗೆಯನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಪಿಯಾಜೆ ಹೇಳಿದ್ದು ಇದನ್ನೇ. ಯಾವಾಗ ಬರುತ್ತಾಳೆ ಅನ್ನುವುದು ಮಾತ್ರ ಮಗುವಿಗೆ ಗೊತ್ತಿಲ್ಲ. ಇದರ ಜೊತೆಗೆ ಸಂಶೋಧಕರಾದ ಜಾನ್ ಬೌಲ್ಬಿ, ಮೇರಿ ಏನ್ಸ್‌ವರ್ತ್ ಮಗು ಮತ್ತು ಪಾಲಕರ ನಂಟಿನ ಬಗ್ಗೆ ಹೇಳಿದ್ದನ್ನು ಓದಿದರೆ, ಆ ಅಳು ಹಠವಲ್ಲ, ನಂಟು ಗಟ್ಟಿಯಾಗಿದೆ ಅನ್ನುವುದಕ್ಕೆ ಗುರುತು ಅಂತ ತಿಳಿಯುತ್ತದೆ. ‘ಅವನು ಆಟದಲ್ಲಿರುವಾಗ ಸುಮ್ನೆ ಹೊರಟುಬಿಡಲಾ?’ ಅಂತ ಕೇಳುವ ಅಪ್ಪ ಅಮ್ಮಂದಿರಿಗೆ ನಾನು ಈಗ ಧೈರ್ಯವಾಗಿ ಬೇಡ ಅನ್ನುತ್ತೇನೆ. ಟಾಟಾ ಹೇಳಿ, ಊಟ ಆದ ಮೇಲೆ ಬರ್ತೀನಿ ಅನ್ನಿ, ಹೊರಡಿ. ಅಳಲಿ, ನಾವಿದ್ದೇವೆ. ಹೇಳದೆ ಹೋದರೆ ಮಗು ಇಡೀ ಬೆಳಿಗ್ಗೆ ಬಾಗಿಲು ಕಾಯುತ್ತದೆ.

ಕೋರ್ಸ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅಬ್ಸರ್ವೇಶನ್ ಬರೆಯುವುದು. ಕಂಡದ್ದನ್ನಷ್ಟೇ ಬರೆಯಬೇಕು. ‘ಊಟಕ್ಕೆ ಹಠ ಮಾಡಿದ’ ಅಂತ ಬರೆದರೆ ಅದು ನಮ್ಮ ತೀರ್ಪು. ‘ತಟ್ಟೆ ನೋಡಿದ, ಬೆರಳಲ್ಲಿ ಮುಟ್ಟಿದ, ಕೈ ಬಟ್ಟೆಗೆ ಒರೆಸಿಕೊಂಡ, ತಟ್ಟೆಯನ್ನು ಆಚೆ ತಳ್ಳಿದ, ಒಣಗಿದ ತುಂಡು ಮಾತ್ರ ಎತ್ತಿ ತಿಂದ’ ಅಂತ ಬರೆದು ನೋಡಿ. ಇವನಿಗೆ ಹಸಿವಿದೆ, ಕೈಗೆ ಅಂಟುವುದು ಆಗುವುದಿಲ್ಲ ಅಂತ ಆ ಸಾಲುಗಳೇ ಹೇಳುತ್ತವೆ. ಮರುದಿನ ಚಮಚ ಕೊಟ್ಟು ನೋಡಬಹುದು, ಅಲ್ವಾ? ಜೇಬಿನಲ್ಲಿ ಸಣ್ಣ ನೋಟ್‌ಬುಕ್ ಇರಲಿ, ಅಲ್ಲಿಯೇ ಎರಡು ಸಾಲು ಗೀಚಿಕೊಳ್ಳಿ, ರಾತ್ರಿ ಅದನ್ನೇ ಬಿಡಿಸಿ ಬರೆಯಿರಿ. ರಾತ್ರಿ ನೆನಪಿನಿಂದ ಬರೆದರೆ ಬೆರಳು ಒರೆಸಿಕೊಂಡದ್ದು ಮರೆತುಹೋಗಿ ಹಠ ಮಾತ್ರ ಉಳಿಯುತ್ತದೆ. ಮಗುವಿನ ಹೆಸರು ಬರೆಯಬೇಡಿ, ಪಾಲಕರ ಒಪ್ಪಿಗೆ ಮೊದಲೇ ತೆಗೆದುಕೊಳ್ಳಿ, ನಿಮ್ಮ ಸ್ವಂತ ಫೋನ್‌ನಲ್ಲಿ ಫೋಟೋ ಬೇಡವೇ ಬೇಡ.

ಫಸ್ಟ್ ಏಡ್ ತರಗತಿಯನ್ನು ಮಾತ್ರ ತಪ್ಪಿಸಬೇಡಿ. ಒಂದು ವರ್ಷದೊಳಗಿನ ಮಗುವಿನ ಗಂಟಲಿಗೆ ಏನಾದರೂ ಸಿಕ್ಕಿ ಉಸಿರು ಕಟ್ಟಿದರೆ ದೊಡ್ಡವರಿಗೆ ಮಾಡುವ ಹಾಗೆ ಹೊಟ್ಟೆ ಒತ್ತಬಾರದು. ಬೆನ್ನಿಗೆ 5 ಸಲ ತಟ್ಟುವುದು, ಎದೆಗೆ 5 ಸಲ ಒತ್ತುವುದು, ಹೀಗೆ ಮಾಡುತ್ತಾರೆ. ಇದು ಓದಿ ಬರುವ ವಿದ್ಯೆಯಲ್ಲ. ಬೊಂಬೆಯ ಮೇಲೆ ಮಾಡಿ ಮಾಡಿ ಕೈಗೆ ಹತ್ತಬೇಕು.

‘ಮಕ್ಕಳನ್ನು ನೋಡಿಕೊಳ್ಳುವುದಕ್ಕೂ ಓದಬೇಕಾ?’ ಅನ್ನುವವರು ಇದ್ದೇ ಇರುತ್ತಾರೆ. ಆ ಮಾತು ನನಗೆ ಈಗಲೂ ನೋವು ಕೊಡುತ್ತದೆ. ಎರಡು ವರ್ಷ ತುಂಬುವಷ್ಟರಲ್ಲಿ ಮಗುವಿನ ಮಿದುಳು ದೊಡ್ಡವರ ಮಿದುಳಿನ ಸುಮಾರು ಮುಕ್ಕಾಲು ಭಾಗದಷ್ಟು ಬೆಳೆದಿರುತ್ತದೆ. ಆ ಎರಡು ವರ್ಷದಲ್ಲಿ ಎಚ್ಚರವಾಗಿರುವ ಹೊತ್ತಿನಲ್ಲಿ ಹೆಚ್ಚಿನದನ್ನು ಕೆಲವು ಮಕ್ಕಳು ನಮ್ಮ ಜೊತೆ ಕಳೆಯುತ್ತಾರೆ. ಇಂಥ ಕೆಲಸಕ್ಕೆ ಓದು ಬೇಡ ಅಂದರೆ ಇನ್ಯಾವುದಕ್ಕೆ ಬೇಕು?

ಸೇರುವ ಮೊದಲು ನಿಮ್ಮ ಮ್ಯಾನೇಜರ್ ಜೊತೆ ಕೂತು ಮಾತಾಡಿ. ಸಾಮಾನ್ಯವಾಗಿ ಕೋರ್ಸ್‌ನವರು ಬೇರೆ ಬೇರೆ ವಯಸ್ಸಿನ ಮಕ್ಕಳ ಜೊತೆ ಕೆಲಸ ಮಾಡಿದ್ದಕ್ಕೆ ಪುರಾವೆ ಕೇಳುತ್ತಾರೆ. ನೀವು ಯಾವಾಗಲೂ ಹಸುಗೂಸುಗಳ ಕೋಣೆಯಲ್ಲೇ ಇದ್ದರೆ ಮೂರು, ನಾಲ್ಕು ವರ್ಷದವರ ಬಗ್ಗೆ ಬರೆಯುವುದು ಹೇಗೆ? ಕೆಲವು ವಾರ ಕೋಣೆ ಬದಲಿಸಿ ಕೊಡುತ್ತಾರಾ, ತರಗತಿ ಇರುವ ದಿನ ಬೇಗ ಬಿಡುತ್ತಾರಾ, ನಿಮ್ಮ ಕೆಲಸ ನೋಡಿ ಸಹಿ ಹಾಕುವವರು ಯಾರು, ಎಲ್ಲ ಕೇಳಿ. ಬಾಯಿಮಾತಿನಲ್ಲಿ ಸರಿ ಅಂದರೆ ಸಾಲದು, ಒಂದು ಮೇಲ್ ಹಾಕಿಸಿಕೊಳ್ಳಿ, ಯಾಕೆಂದರೆ ಇಬ್ಬರು ರಜೆ ಹಾಕಿದ ವಾರ ಮೊದಲು ಕೈಬಿಟ್ಟು ಹೋಗುವುದು ನಿಮ್ಮ ಓದಿನ ಹೊತ್ತೇ.