ಅಡ್ವಾನ್ಸ್ ಬೇಡ ಅಂದಿದ್ದಕ್ಕೇ ಅನುಮಾನ

ತುಮಕೂರು ರೋಡಿನ ಒಂದು ಪ್ರೈವೇಟ್ ಇಂಜಿನಿಯರಿಂಗ್ ಕಾಲೇಜಲ್ಲಿ ಎರಡು ವರ್ಷ ಅಡ್ಮಿಷನ್ ಕೌನ್ಸೆಲರ್ ಆಗಿದ್ದೆ, ಕಾಲೇಜ್ ಹೆಸರು ಬೇಡ ಬಿಡಿ. ಹೆಸರಿಗೆ ಕೌನ್ಸೆಲರ್, ಕೆಲಸ ಏನಪ್ಪಾ ಅಂದ್ರೆ ದಿನವಿಡೀ ಫೋನ್ ಮಾಡೋದು, ಬಂದೋರಿಗೆ ಕಾಫಿ ಕೊಟ್ಟು ಬ್ರೋಷರ್ ತೋರ್ಸಿ ಮ್ಯಾನೇಜ್‌ಮೆಂಟ್ ಸೀಟ್, ಅಂದ್ರೆ ಕಾಲೇಜೇ ಜಾಸ್ತಿ ಫೀಸಿಗೆ ಕೊಡೋ ಸೀಟನ್ನ, ಅಡ್ವಾನ್ಸ್ ಕಟ್ಸಿ ಬ್ಲಾಕ್ ಮಾಡ್ಸೋದು. ಇವತ್ತು ಇಷ್ಟು ಅಡ್ವಾನ್ಸ್ ಬರ್ಲೇಬೇಕು ಅಂತ ಒಳಗಡೆ ಬೋರ್ಡ್ ಮೇಲೆ ಬರ್ದಿರೋರು.

ಸಿಇಟಿ ರಿಸಲ್ಟ್ ಬಂದು ಒಂದು ವಾರ ಆಗಿತ್ತೇನೋ, ಪಾವಗಡ ಕಡೆಯಿಂದ ಅಪ್ಪ ಮಗಳು ಬಂದ್ರು. ಮಾರ್ಕ್ಸ್‌ಕಾರ್ಡ್ ಎಲ್ಲ ಬಟ್ಟೆ ಅಂಗಡಿ ಕವರಲ್ಲಿ, ಅದನ್ನ ಟೇಬಲ್ ಮೇಲೆ ಇಡಿ ಅಂದ್ರೂ ಇಡದೆ ತೊಡೆ ಮೇಲೇ ಒತ್ತಿ ಹಿಡ್ಕೊಂಡು ಕೂತಿದ್ರು ಯಜಮಾನ್ರು. ಹಿಂದಿನ ದಿನ ಇನ್ನೆಲ್ಲೋ ಒರಿಜಿನಲ್ಸ್ ಕೊಟ್ಟು ಹೋಗಿ ಅಂದಿದ್ರಂತೆ, ಅದಕ್ಕೆ. ಯಾವನೋ ಏಜೆಂಟ್ ಬೇರೆ ದಿನಕ್ಕೆ ಮೂರು ಸಲ ಫೋನ್ ಮಾಡಿ ಸೀಟೆಲ್ಲ ಖಾಲಿ ಆಗ್ತೈತೆ ಅಂತ ಹೆದರ್ಸಿದ್ದ.

"ಸಾ, ಇಪ್ಪತ್ತೈದು ಸಾವಿರ ತಂದಿವ್ನಿ, ಸೀಟ್ ಬ್ಲಾಕ್ ಮಾಡ್ಕಳಿ."

ರ‍್ಯಾಂಕ್ ಕೇಳ್ದೆ. 41 ಸಾವಿರದ ಚಿಲ್ಲರೆ. 2ಎ ಕೆಟಗರಿ, ಒಂದರಿಂದ ಹತ್ತರವರೆಗೂ ಊರ ಸ್ಕೂಲಲ್ಲೇ ಓದಿರೋದು, ರೂರಲ್ ಕೋಟಾಗೆ ಅಪ್ಲಿಕೇಷನ್ ಹಾಕುವಾಗ್ಲೇ ಕ್ಲೈಮ್ ಮಾಡಿದ್ಲು, ಬಿಇಓ ಸೈನ್ ಇರೋ ಸರ್ಟಿಫಿಕೇಟೂ ಇತ್ತು. ಸಿಇಟಿ ನಡೆಸೋ ಕೆಇಎ ವೆಬ್‌ಸೈಟಿಂದ ಹಿಂದಿನ ವರ್ಷದ ಕಟ್‌ಆಫ್, ಅಂದ್ರೆ ಯಾವ ಸೀಟು ಎಷ್ಟನೇ ರ‍್ಯಾಂಕಿನವರೆಗೂ ಹೋಗಿತ್ತು ಅನ್ನೋ ಪಿಡಿಎಫ್ ತೆಗೆದು ನೋಡಿದ್ರೆ ನಮ್ಮ ಕಾಲೇಜಲ್ಲಿ ಇನ್ಫರ್ಮೇಷನ್ ಸೈನ್ಸ್ 2ಎಆರ್, ಅಂದ್ರೆ 2ಎ ರೂರಲ್ ಸೀಟು, ಅವಳ ರ‍್ಯಾಂಕ್ ದಾಟಿ ಸುಮಾರು ಮುಂದಕ್ಕೆ ಹೋಗಿತ್ತು. ಅಂದ್ರೆ ಸಿಇಟಿ ಫೀಸಲ್ಲೇ ಸಿಗೋ ಸೀಟಿಗೆ ಇವ್ರು ಮೂರು ಪಟ್ಟು ಕಟ್ಟೋಕೆ ಬಂದಿದ್ರು.

ನಾನೇನು ಸತ್ಯಹರಿಶ್ಚಂದ್ರ ಅಲ್ಲ, ಅದಕ್ಕೆ ಮುಂಚೆ ಎಷ್ಟೋ ಜನರ ಹತ್ರ ಅಡ್ವಾನ್ಸ್ ಕಟ್ಸಿದೀನಿ. ಆದ್ರೆ ಹಿಂದಿನ ವರ್ಷ ಒಬ್ಬ ಹುಡುಗನಿಗೆ ಹೀಗೇ ಕಟ್ಸಿ, ಆಮೇಲೆ ಅವನಿಗೆ ಸಿಇಟೀಲೇ ಬೇರೆ ಕಡೆ ಸೀಟ್ ಆಗಿ, ದುಡ್ಡು ವಾಪಸ್ಸಿಗೆ ಅವರಪ್ಪ ನಾಲ್ಕು ತಿಂಗಳು ಅಲೆದಿದ್ರು. ಪ್ರತಿ ಸಲ ನನ್ನ ಟೇಬಲ್ ಮುಂದೆನೇ ಬಂದು ನಿಲ್ಲೋರು.

"ಯಜಮಾನ್ರೇ, ದುಡ್ಡು ಜೇಬಲ್ಲೇ ಇಟ್ಕೊಳಿ, ಈಗ ಕಟ್ಬೇಡಿ" ಅಂದೆ. ಖುಷಿ ಪಡ್ತಾರೆ ಅಂದ್ಕೊಂಡಿದ್ದೆ. ಅವ್ರು ನನ್ನನ್ನೇ ಮೇಲಿಂದ ಕೆಳಗೆ ನೋಡಿ "ಹಂಗಾರೆ ನಿಮ್ ಕಾಲೇಜಲ್ಲಿ ಏನೋ ಐಬು ಐತೆ ಅನ್ನಿ" ಅಂದ್ರು! ನಗು ಬಂತು, ಆದ್ರೆ ಅವರದ್ದೂ ತಪ್ಪಲ್ಲ, ಎಲ್ರೂ ಕೊಡು ಕೊಡು ಅನ್ನೋ ಕಡೆ ಒಬ್ಬ ಬೇಡ ಅಂದ್ರೆ ಅನುಮಾನ ಬರ್ದೆ ಇನ್ನೇನು.

ಮಾನಿಟರ್ ಅವರ ಕಡೆಗೆ ತಿರುಗಿಸ್ದೆ. ಹುಡುಗಿ ಎದ್ದು ಬಂದು ಪಿಡಿಎಫಲ್ಲಿ 2ಎಆರ್ ಕಾಲಂ ಮೇಲೆ ಬೆರಳಿಟ್ಟು ನಿಧಾನಕ್ಕೆ ಕೆಳಗೆ ಇಳಿಸ್ತಾ ಹೋದ್ಲು, ತುಟಿ ಅಲ್ಲಾಡ್ತಿತ್ತು, ಒಂದೊಂದು ನಂಬರೂ ಓದ್ಕೊತಿದ್ಲು. ಅಲ್ಲಿವರೆಗೂ ಒಂದು ಮಾತಾಡಿರಲಿಲ್ಲ. ಆಮೇಲೆ ಬ್ರೋಷರ್ ಎತ್ಕೊಂಡು ಕೇಳಿದ್ಲು, "ಸರ್, ಇಲ್ಲಿ ಎನ್‌ಬಿಎ ಅಂತ ದೊಡ್ಡದಾಗಿ ಹಾಕಿದ್ದಾರಲ್ಲ, ಎಐ ಎಂಎಲ್‌ಗೂ ಇದ್ಯಾ?"

ಇಲ್ಲ. ಎನ್‌ಬಿಎ ಅಂದ್ರೆ ಗುಣಮಟ್ಟ ನೋಡಿ ಕೊಡೋ ಮಾನ್ಯತೆ, ಅದನ್ನ ಕೊಡೋದು ಬ್ರಾಂಚ್ ಬ್ರಾಂಚಿಗೆ, ಎಐ ಎಂಎಲ್ ಬ್ರಾಂಚ್ ಹೊಸಾದು, ಇನ್ನೂ ಒಂದು ಬ್ಯಾಚೂ ಪಾಸಾಗಿ ಹೊರಗೆ ಬಂದಿರಲಿಲ್ಲ. ಇಲ್ಲ ಅಂತಲೇ ಹೇಳ್ದೆ. ಪೋಸ್ಟರಲ್ಲಿದ್ದ ದೊಡ್ಡ ಪ್ಯಾಕೇಜ್ ಒಬ್ಬನೇ ಹುಡುಗಂದು ಅಂತಾನೂ ಹೇಳ್ದೆ. ಹಾಸ್ಟೆಲ್ ಊಟ ಕೇಳಿದ್ಲು, ನನಗೆ ಗೊತ್ತಿಲ್ಲಮ್ಮ, ನಾನು ಡಬ್ಬಿ ತರ್ತೀನಿ, ಮೆಸ್ ಹತ್ರ ಯಾರಾದ್ರೂ ಹುಡುಗೀರು ಸಿಗ್ತಾರೆ ಕೇಳ್ಕೊಂಡು ಬಾ ಅಂದೆ. ಹೋಗಿ ಕೇಳ್ಕೊಂಡೇ ಬಂದ್ಲು. ಬಂದು ಏನಂದ್ರು ಅಂತ ನನಗೆ ಹೇಳಲಿಲ್ಲ, ಅಪ್ಪನ ಕಿವೀಲಿ ಏನೋ ಹೇಳಿ ಇಬ್ರೂ ನಕ್ಕರು. ಅವಾಗ ಯಜಮಾನ್ರು ಕವರ್ ಎತ್ತಿ ಟೇಬಲ್ ಮೇಲಿಟ್ರು.

ಮುಕ್ಕಾಲು ಗಂಟೆ ಕೂತು ಆಪ್ಷನ್ ಎಂಟ್ರಿ, ಅಂದ್ರೆ ಬೇಕಾದ ಕಾಲೇಜು, ಬ್ರಾಂಚು ಎಲ್ಲ ಆನ್‌ಲೈನಲ್ಲಿ ಸಾಲಾಗಿ ಹಾಕೋದು ಹೆಂಗೆ ಅಂತ ಬರ್ಕೊಟ್ಟೆ, ಸಿಗುತ್ತೋ ಇಲ್ವೋ ಅಂತ ಲೆಕ್ಕ ಹಾಕ್ದೆ ಮನಸ್ಸಿಗೆ ಬೇಕಾದ್ದನ್ನ ಮೇಲೆ ಹಾಕು, ನಮ್ಮದನ್ನ ಕೆಳಗೆ ಹಾಕಿದ್ರೂ ಬೇಜಾರಿಲ್ಲ, ಪಾಸ್‌ವರ್ಡ್ ಮಾತ್ರ ಯಾರಿಗೂ ಕೊಡ್ಬೇಡ ಅಂತ. ಅವತ್ತು ಸಂಜೆ ಬೋರ್ಡಲ್ಲಿ ನನ್ನ ಹೆಸರಿನ ಮುಂದೆ ಸೊನ್ನೆ. ಬೈಸ್ಕೊಂಡೆ, ಅದು ಇರೋದೇ.

ಫಸ್ಟ್ ರೌಂಡ್ ಅಲಾಟ್‌ಮೆಂಟ್ ಬಂದ ರಾತ್ರಿ ಹತ್ತೂವರೆಗೆ ಯಜಮಾನ್ರ ಫೋನು. ಸೀಟ್ ಆಗಿತ್ತು, ನಮ್ಮಲ್ಲಲ್ಲ, ಬೇರೆ ಕಾಲೇಜಲ್ಲಿ, ಅವಳ ಲಿಸ್ಟಲ್ಲಿ ಮೂರನೇದು. ಚಾಯ್ಸ್ 1 ಕೊಟ್ಟು ಇದಕ್ಕೇ ಸೇರೋದಾ, 2 ಕೊಟ್ಟು ಇದನ್ನ ಇಟ್ಕೊಂಡೇ ಮುಂದಿನ ರೌಂಡ್ ನೋಡೋದಾ ಅಂತ ಮನೇಲಿ ಜಗಳವಂತೆ. 2 ಕೊಡಿ, ಮೇಲಿನದು ಸಿಕ್ಕಿದ್ರೆ ಮಾತ್ರ ಇದು ಹೋಗುತ್ತೆ, ಸಿಗದಿದ್ರೆ ಇದೇ ಉಳಿಯುತ್ತೆ ಅಂದೆ. "ಸ್ವಲ್ಪ ತಡೀರಿ ಸಾ, ಸ್ಪೀಕರ್‌ಗೆ ಹಾಕ್ತೀನಿ, ಇನ್ನೊಂದ್ಸಲ ಹೇಳಿ" ಅಂದ್ರು. ಹೇಳ್ದೆ. ಹಿಂದಿಂದ ಹುಡುಗಿ ದನಿ ಕೇಳಿಸ್ತು, "ನಾನೂ ಬೆಳಿಗ್ಗೆಯಿಂದ ಅದೇ ಅಲ್ವೇನಪ್ಪಾ ಬಡ್ಕೊತಿರೋದು."