ನಮ್ಮ ಮನೆಯ ನಾಸ್ತಿಕ
ಈ ಸಲ ಅಷ್ಟಮಿಗೆ ಉಡುಪಿಗೆ ಹೋದಾಗ ಮಗ ಮಠಕ್ಕೆ ಬರಲು ಒಪ್ಪಲಿಲ್ಲ. ಪಿಯುಸಿ ಹುಡುಗ. "ನನಗೆ ದೇವರಲ್ಲಿ ನಂಬಿಕೆ ಇಲ್ಲ, ಸುಮ್ನೆ ಕ್ಯೂ ನಿಲ್ಲುವುದು ಯಾಕೆ?" ಅಂದ. ಅಮ್ಮ ಎಳ್ಳುಂಡೆ ಕಟ್ಟುವುದನ್ನೇ ನಿಲ್ಲಿಸಿದರು. "ಮನೆಯಲ್ಲೊಬ್ಬ ನಾಸ್ತಿಕ ಹುಟ್ಟಿದ!"

ಜಗಲಿಯಲ್ಲಿದ್ದ ದೊಡ್ಡಪ್ಪ ಅಲ್ಲಿಂದಲೇ ಕೇಳಿದರು, "ನಾಸ್ತಿಕ ಹೇಗೆ ಆಗ್ತಾನೆ? ವೇದ ಪ್ರಮಾಣ ಅಲ್ಲ ಅಂತ ಹೇಳಿದನಾ?"

ದೊಡ್ಡಪ್ಪ ಸಂಸ್ಕೃತ ಮೇಷ್ಟ್ರಾಗಿದ್ದವರು. ಅವರ ಲೆಕ್ಕ ಬೇರೆ. ದರ್ಶನಗಳ, ಅಂದರೆ ನಮ್ಮ ಹಳೆಯ ತತ್ವಶಾಸ್ತ್ರದ ಪಂಥಗಳ, ಮಾತಿನಲ್ಲಿ ವೇದವನ್ನು ಪ್ರಮಾಣ (ನಂಬಬಹುದಾದ ಅರಿವಿನ ಮೂಲ) ಎಂದು ಒಪ್ಪಿದವ ಆಸ್ತಿಕ, ಒಪ್ಪದವ ನಾಸ್ತಿಕ. ದೇವರ ವಿಷಯ ಆಮೇಲಿನದ್ದು. ಸಾಂಖ್ಯ ದರ್ಶನದ ಹಳೆಯ ಗ್ರಂಥ ಸಾಂಖ್ಯಕಾರಿಕೆಯಲ್ಲಿ ದೇವರಿಗೆ ಕೆಲಸವೇ ಇಲ್ಲ. ಯಜ್ಞ ಬಿಟ್ಟು ಬೇರೆ ಮಾತಾಡದ ಮೀಮಾಂಸಾ ದರ್ಶನದವರಿಗೂ ಜಗತ್ತು ಸೃಷ್ಟಿಸುವ ದೇವರು ಬೇಡ. ಇಬ್ಬರೂ ಆಸ್ತಿಕರೇ! 1432ರಲ್ಲಿ ಕಾರ್ಕಳದಲ್ಲಿ 42 ಅಡಿಯ ಗೊಮ್ಮಟನನ್ನು ನಿಲ್ಲಿಸಿ ಕೈಮುಗಿದ ಜೈನರು ಮಾತ್ರ ಈ ಲೆಕ್ಕದಲ್ಲಿ ನಾಸ್ತಿಕರು. ನನಗಂತೂ ಇದು ವಿಚಿತ್ರ ಅನ್ನಿಸಿತು.

ಪಕ್ಕದ ಮನೆಯ ಬಚ್ಚಲಿನಿಂದ ಹೊಗೆ ಬರುತ್ತಿತ್ತು. ದೊಡ್ಡಪ್ಪ ಮಗನಿಗೆ ಅದನ್ನೇ ತೋರಿಸಿದರು. "ಅಲ್ಲಿ ಬೆಂಕಿ ಉಂಟಾ?" "ಉಂಟು." "ನೋಡಿದ್ದೀಯಾ?" "ಇಲ್ಲ." "ಹಾಗಾದರೆ ನೀನು ಚಾರ್ವಾಕನೂ ಅಲ್ಲ ಮಾರಾಯ." ಹಳೆಯ ಕಾಲದ ಭೌತವಾದಿಯಾದ ಚಾರ್ವಾಕನಿಗೆ ಕಣ್ಣಿಗೆ ಕಂಡದ್ದಷ್ಟೇ ಪ್ರಮಾಣ, ಊಹೆ ನಡೆಯುವುದಿಲ್ಲ. ಬೌದ್ಧರು ಊಹೆಯನ್ನೂ ಸೇರಿಸಿ ಎರಡು ಒಪ್ಪುತ್ತಾರೆ, ನ್ಯಾಯ ದರ್ಶನದವರು ನಾಲ್ಕು. "ನಮಗೆ ಮೂರು ಸಾಕು" ಎಂದರು ಮಾಧ್ವರಾದ ದೊಡ್ಡಪ್ಪ. ಪ್ರತ್ಯಕ್ಷ, ಅನುಮಾನ (ಅದೇ ಊಹೆ), ಆಗಮ (ಶಾಸ್ತ್ರದ ಮಾತು).

ಆಮೇಲೆ ಒಳಗಿನಿಂದ 'ಸರ್ವದರ್ಶನಸಂಗ್ರಹ' ಬಂತು. 14ನೇ ಶತಮಾನದ ಮಾಧವಾಚಾರ್ಯರದ್ದು. (ನಮ್ಮ ಮಧ್ವಾಚಾರ್ಯರಲ್ಲ, ಒಂದು ದೀರ್ಘ, ಒಂದು ಒತ್ತಿನಲ್ಲಿ ಊರೇ ಬೇರೆ.) ಅದರಲ್ಲಿ 16 ದರ್ಶನಗಳು. ಕೆಳಗಿನಿಂದ ಮೇಲಕ್ಕೆ ಮೆಟ್ಟಿಲು ಹತ್ತಿದ ಹಾಗೆ, ಮೊದಲು ಚಾರ್ವಾಕ, ಕೊನೆಗೆ ಶಂಕರರ ಅದ್ವೈತ. "ಬರೆದವರು ಅದ್ವೈತಿ ಅಲ್ವಾ, ನಮ್ಮನ್ನು ಐದನೇ ನಂಬರಿಗೆ ನಿಲ್ಲಿಸಿದ್ದಾರೆ" ಎಂದು ದೊಡ್ಡಪ್ಪ ಗೊಣಗಿದರು. ಏಳುನೂರು ವರ್ಷದ ಹಿಂದಿನ ಸಿಟ್ಟು ಇನ್ನೂ ಬಿಸಿಯಾಗಿಯೇ ಉಂಟು. ಆದರೂ ಎದುರಾಳಿಯ ಮಾತನ್ನು ಮೊದಲು ಪೂರ್ತಿ ಹೇಳಿ ಆಮೇಲೆ ಖಂಡಿಸುವ ಕ್ರಮವನ್ನು ಮೆಚ್ಚಿದರು. ಚಾರ್ವಾಕರ ಬಗ್ಗೆ ಇವತ್ತು ನಮಗೆ ಗೊತ್ತಿರುವುದರಲ್ಲಿ ಜಾಸ್ತಿ ಪಾಲು ಹೀಗೆ ಎದುರಾಳಿಗಳು ಬರೆದಿಟ್ಟದ್ದೇ.

ಮಂಗಳೂರಿಗೆ ಮರಳಿದ ಮೇಲೆ ಮಗ ತಾನಾಗಿಯೇ ಕದ್ರಿಗೆ ಹೊರಟ. ಅಲ್ಲಿನ ಮಂಜುನಾಥ ದೇವಸ್ಥಾನ ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಅಲ್ಲಿನ ಕಂಚಿನ ಲೋಕೇಶ್ವರನಿಗೆ ಮೂರು ಮುಖ, ಆರು ಕೈ. ನಾನು ಚಿಕ್ಕಂದಿನಿಂದ ಅದನ್ನು ಶಿವ ಅಂದುಕೊಂಡೇ ಕೈಮುಗಿದವನು. 968ರಲ್ಲಿ ಆಳುಪ ರಾಜ ಕುಂದವರ್ಮ ಪ್ರತಿಷ್ಠೆ ಮಾಡಿಸಿದ್ದು. ಪೀಠದ ಶಾಸನ ಇದನ್ನು ಕದಿರಿಕಾ ವಿಹಾರದಲ್ಲಿ ಇಟ್ಟದ್ದು ಎನ್ನುತ್ತದೆ. ವಿಹಾರ ಅಂದರೆ ಬೌದ್ಧರ ಜಾಗ. ಇದು ಬೌದ್ಧರ ಬೋಧಿಸತ್ವ ಅವಲೋಕಿತೇಶ್ವರ ಎನ್ನುವವರು ಇದ್ದಾರೆ. ಅದೇ ಶಾಸನ ರಾಜನನ್ನು ಚಂದ್ರನನ್ನು ಮುಡಿದವನ, ಅಂದರೆ ಶಿವನ, ಪಾದಕಮಲದ ದುಂಬಿ ಎಂದೂ ಹೊಗಳುತ್ತದೆ.

"ಹಾಗಾದರೆ ರಾಜ ಆಸ್ತಿಕನಾ, ನಾಸ್ತಿಕನಾ?" ಮಗ ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ, ದೊಡ್ಡಪ್ಪನಿಗೆ ಫೋನ್ ಮಾಡಿದೆ. ಪ್ರಶ್ನೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಿನಗೆ ಬೇಡ, ಅವನಿಗೆ ಫೋನ್ ಕೊಡು" ಅಂದರು. ನಾನು ಕೆರೆಗಳ ಹತ್ತಿರ ಹೋಗಿ ಬಂದರೂ ಇಬ್ಬರ ಮಾತು ಮುಗಿದಿರಲಿಲ್ಲ.