ದಾವಣಗೆರೆ ಲ್ಯಾನ್, ಮೂರನೇ ಟ್ರಯಲ್: ಜನರ ಕೂಗು ಕಿವಿಗೆ ಹೋಗುತ್ತಿದ್ದದ್ದು ಎಲ್ಲಿಂದ ಅಂತ ಕೊನೆಗೂ ಗೊತ್ತಾಯಿತು

ನಿನ್ನೆ ರಾತ್ರಿ ಹನ್ನೊಂದು ಗಂಟೆಗೆ ವಿದ್ಯಾನಗರದ ಮಂಟಪದಲ್ಲಿ ನಿಂತು ಇಪ್ಪತ್ತು ಸಲ ಕೂಗಿದೆವು. ಸ್ಟೇಜ್ ಮೇಲೆ ಕೂತ ಹುಡುಗ ಒಂದು ಸಲವೂ ಕೈ ಎತ್ತಲಿಲ್ಲ. ಅಂದರೆ ನಮ್ಮ ಕೂಗು ಅವನಿಗೆ ಕೇಳಿಸಲೇ ಇಲ್ಲ. ನಮ್ಮದು ಒಂದೇ ಹಾಲ್‌ನಲ್ಲಿ ಪಿಸಿ ಜೋಡಿಸಿ ಆಡುವ (ಲ್ಯಾನ್) ಟೂರ್ನಿ, ಆಟ ಐದೈದು ಜನರ ಗುಂಡಿನ ಆಟ ಕೌಂಟರ್-ಸ್ಟ್ರೈಕ್ 2 (ಸಿಎಸ್2). ನೋಡುವ ಜನರ ಕೂಗು ಆಟಗಾರರಿಗೆ ಕೇಳಿಸುತ್ತಿತ್ತು, ಮೂರು ವಾರದಿಂದ ಕಾಡುತ್ತಿದ್ದ ಸಮಸ್ಯೆ ಅದು. ಅದಕ್ಕೇ ಬೆಳಿಗ್ಗೆ ಎದ್ದ ತಕ್ಷಣ ಬರೆಯಲು ಕೂತಿದ್ದೇನೆ.

ಸಿಎಸ್2 ಸರ್ವರ್, ಪಂದ್ಯ ನಡೆಸುವ ಮ್ಯಾಚ್‌ಝಿ ಪ್ಲಗಿನ್, ಬದಿ ಆರಿಸುವ ನೈಫ್ ರೌಂಡ್, ಮ್ಯಾಪ್ ಆರಿಸುವ ವೀಟೋ ಇದೆಲ್ಲ ನಿಮಗೆ ಗೊತ್ತಿರುವುದೇ, ಮತ್ತೆ ಬರೆಯುವುದಿಲ್ಲ. ಹತ್ತು ಪಿಸಿ, ಒಂದು ಸರ್ವರ್, ಪರದೆಗೆ ಆಟ ತೋರಿಸಲು ಒಂದು ಅಬ್ಸರ್ವರ್ ಪಿಸಿ, ಅಷ್ಟೇ. ಮಾನಿಟರ್ ವಿಷಯ ಮಾತ್ರ ಹೇಳಲೇಬೇಕು. ಬಾಡಿಗೆಗೆ ಕೊಟ್ಟವರು ಹತ್ತೂ 144 ಹರ್ಟ್ಜ್ (ಸೆಕೆಂಡಿಗೆ 144 ಸಲ ಚಿತ್ರ ಬದಲಾಗುವಂಥದ್ದು) ಅಂತ ಒಪ್ಪಿಕೊಂಡು, ನಾಲ್ಕು ಹಳೇ 60ರದ್ದು ಕಳಿಸಿದರು. ಆಮೇಲೆ ಫೋನ್ ಎತ್ತಲಿಲ್ಲ. ಒಬ್ಬನಿಗೆ 144, ಇನ್ನೊಬ್ಬನಿಗೆ 60 ಕೊಟ್ಟು ಪಂದ್ಯ ಆಡಿಸೋಕಾಗುತ್ತಾ? ಹತ್ತನ್ನೂ 60ಕ್ಕೇ ಇಳಿಸಿದೆವು. ಮುಂದಿನ ಸಲ ಅಡ್ವಾನ್ಸ್ ಕೊಡುವ ಮೊದಲು ಒಂದೊಂದನ್ನೂ ಆನ್ ಮಾಡಿ ನೋಡುತ್ತೇನೆ.

ಈಗ ಅಸಲಿ ವಿಷಯ. ಎರಡನೇ ಟ್ರಯಲ್‌ನ ಸೆಮಿಫೈನಲ್, ಮಿರಾಜ್ ಮ್ಯಾಪ್, ಹರಿಹರದ ಹುಡುಗರಿಗೂ ಚಿತ್ರದುರ್ಗದ ಹುಡುಗರಿಗೂ 11-11. ಚಿತ್ರದುರ್ಗದವನೊಬ್ಬ ಮ್ಯಾಪ್‌ನ ಪ್ಯಾಲೇಸ್ ಅನ್ನುವ ಜಾಗದ ಕೆಳಗೆ ಉಸಿರು ಬಿಗಿಹಿಡಿದು ಕೂತಿದ್ದ. ಹರಿಹರದವನು ಅವನನ್ನು ನೋಡದೆ ಮುಂದೆ ಹೋದ. ಅಷ್ಟರಲ್ಲಿ ಇಡೀ ಹಾಲ್ "ಹಿಂದೆ! ಹಿಂದೆ!" ಅಂತ ಕೂಗಿತು. ಅವನು ತಿರುಗಿ ಹೊಡೆದ. ಸತ್ತವನು ಜಗಳ ಮಾಡಲಿಲ್ಲ. ಇಯರ್‌ಫೋನ್ ತೆಗೆದು ಟೇಬಲ್ ಮೇಲಿಟ್ಟು "ಅಣ್ಣ, ಅವನಿಗೆ ಕೇಳಿಸ್ತು" ಅಂದ. ಹರಿಹರದವನೂ ಎದ್ದು ನಿಂತು "ಹೌದಣ್ಣ, ಕೇಳಿಸ್ತು" ಅಂತ ಒಪ್ಪಿಕೊಂಡ. ಬ್ಯಾಕಪ್‌ನಿಂದ ಆ ರೌಂಡ್ ಮತ್ತೆ ಆಡಿಸಿದೆವು. ಆ ಹುಡುಗನ ಪ್ರಾಮಾಣಿಕತೆಗೆ ಇಡೀ ಹಾಲ್ ಚಪ್ಪಾಳೆ ಹೊಡೆಯಿತು. ಆದರೆ ಪ್ರತಿ ಸಲ ಆಟಗಾರರ ಪ್ರಾಮಾಣಿಕತೆ ನಂಬಿ ಟೂರ್ನಿ ನಡೆಸೋಕಾಗಲ್ಲ ಅಲ್ವಾ?

ಜನರದ್ದೂ ತಪ್ಪಿಲ್ಲ. ದೊಡ್ಡ ಪರದೆಯಲ್ಲಿ ಗೋಡೆ ಆಚೆ ಯಾರಿದ್ದಾರೆ ಅಂತ ಎಕ್ಸ್‌ರೇ ಗೆರೆಯಲ್ಲಿ ಕಾಣುತ್ತದೆ, ಕೂಗದೇ ಇರೋಕೆ ಆಗಲ್ಲ. ಆದರೆ ಈ ಆಟದಲ್ಲಿ ಗುರಿ ಎಷ್ಟು ಮುಖ್ಯವೋ ಮಾಹಿತಿಯೂ ಅಷ್ಟೇ ಮುಖ್ಯ. 2020ರಲ್ಲಿ ಇದರ ಹಿಂದಿನ ಆಟ ಸಿಎಸ್‌ಗೋದಲ್ಲಿ ಒಂದು ಬಗ್ ಇತ್ತು, ಕೋಚ್‌ನ ಕ್ಯಾಮೆರಾ ಮ್ಯಾಪ್‌ನ ಒಂದು ಮೂಲೆಯಲ್ಲಿ ನಿಂತುಬಿಡುತ್ತಿತ್ತು, ಎದುರಾಳಿ ಅಲ್ಲಿಗೆ ಬಂದರೆ ಕಾಣುತ್ತಿತ್ತು. ಅದನ್ನು ಬಳಸಿದ್ದಕ್ಕೆ ಆ ಸೆಪ್ಟೆಂಬರ್‌ನಲ್ಲಿ 37 ಕೋಚ್‌ಗಳಿಗೆ ಶಿಕ್ಷೆಯಾಯಿತು. ಒಂದು ಮೂಲೆ ಕಂಡರೇ ಇಷ್ಟು. ನಮ್ಮಲ್ಲಿ ಇನ್ನೂರು ಜನ ಎಲ್ಲಾ ಮೂಲೆಯನ್ನೂ ಕೂಗಿ ಹೇಳುತ್ತಿದ್ದರು.

ಮೊದಲು ಆಟವನ್ನು ಪರದೆಗೆ ಕಳಿಸುವ ಸಿಎಸ್‌ಟಿವಿ ಪ್ರಸಾರವನ್ನು 30 ಸೆಕೆಂಡ್ ತಡ ಮಾಡಿದೆವು. ಆನ್‌ಲೈನ್ ಪ್ರಸಾರಕ್ಕೆ ತಡ ಸರಿ, ಹಾಲ್‌ನಲ್ಲಿ ಅದು ನಡೆಯಲ್ಲ. ಪರದೆಯಲ್ಲಿ ಇನ್ನೂ ಬಾಂಬ್ ಇಡುತ್ತಿರುತ್ತಾರೆ, ಸ್ಟೇಜ್ ಮೇಲೆ ಐದು ಜನ ಗೆದ್ದು ಕುಣಿಯುತ್ತಿರುತ್ತಾರೆ. ಆಟಗಾರರನ್ನು ಊಟದ ಹಾಲ್‌ಗೆ ಕಳಿಸೋಣ ಅಂತ ಒಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ಹುಡುಗರ ಮುಖ ಕಾಣದಿದ್ದರೆ ಜನ ಮಂಟಪಕ್ಕೆ ಬರುವುದೇ ಯಾಕೆ, ಮನೆಯಲ್ಲೇ ಮೊಬೈಲ್‌ನಲ್ಲಿ ನೋಡುತ್ತಾರೆ.

ದೊಡ್ಡ ಟೂರ್ನಿಗಳಲ್ಲಿ ಏನು ಮಾಡುತ್ತಾರೆ? ಆಟದ ಸದ್ದಿಗೆ ಕಿವಿಯೊಳಗೆ ಇಯರ್‌ಬಡ್. ಅದರ ಮೇಲೆ ಕಿವಿ ಪೂರ್ತಿ ಮುಚ್ಚುವ ಹೆಡ್‌ಸೆಟ್, ಅದರಲ್ಲಿ ಬರೀ ವೈಟ್ ನಾಯ್ಸ್, ಅಂದರೆ ಒಂದೇ ಸಮನೆ ಬರುವ ಸುಯ್ ಸದ್ದು. 2022ರ ರಿಯೊ ಮೇಜರ್ (ಮೇಜರ್ ಅಂದರೆ ಈ ಆಟದ ಅತಿ ದೊಡ್ಡ ಟೂರ್ನಿ) ನೋಡಿದವರಿಗೆ ಗೊತ್ತು, ಅಂಥ ಕೂಗಿನ ನಡುವೆ ಬರೀ ಇಯರ್‌ಬಡ್ ಸಾಕಾಗಲ್ಲ. ನಾವು ಹೆಡ್‌ಸೆಟ್ ಬದಲು ಕಾರ್ಖಾನೆಯಲ್ಲಿ ಹಾಕಿಕೊಳ್ಳುವ ಇಯರ್‌ಮಫ್ ತಂದೆವು. ಅದರಲ್ಲಿ ಮೈಕ್ ಇಲ್ಲವಲ್ಲ, ಅದಕ್ಕೆ ಪಿ.ಬಿ. ರಸ್ತೆಯ ಅಂಗಡಿಯಿಂದ ಹತ್ತು ಕಾಲರ್ ಮೈಕ್ ತಂದೆವು. "ಹೊರಗಿನ ಸದ್ದು ಬರೋದೇ ಇಲ್ಲ ಸಾರ್" ಅಂತ ಅಂಗಡಿಯವರು ಹೇಳಿದ್ದರು. ಈ ಮಾತು ನೆನಪಿಟ್ಟುಕೊಳ್ಳಿ.

ಒಬ್ಬನನ್ನೇ ಸ್ಟೇಜ್ ಮೇಲೆ ಕೂರಿಸಿ ಟೆಸ್ಟ್ ಮಾಡಿದೆವು. ನಾವು ಕೆಳಗಿನಿಂದ ಮ್ಯಾಪ್‌ನ ಜಾಗದ ಹೆಸರನ್ನು, "ಎ ಸೈಟ್" ಅಂತಲೋ "ಮಿಡ್" ಅಂತಲೋ ಕೂಗಬೇಕು, ಕೇಳಿಸಿದರೆ ಅವನು ಕೈ ಎತ್ತಬೇಕು. ಇಪ್ಪತ್ತರಲ್ಲಿ ಮೂರು ಸಲ ಮಾತ್ರ ಎತ್ತಿದ. ಖುಷಿಯಾಗಿ ಎಲ್ಲರೂ ಮಂಡಕ್ಕಿ ಮಿರ್ಚಿ ತಿಂದು ಬಂದು, ಐದು ಜನರನ್ನೂ ಕೂರಿಸಿ ಮತ್ತೆ ಕೂಗಿದೆವು. ಅದೇ ಹುಡುಗ, ಅದೇ ಇಯರ್‌ಮಫ್, ಹದಿನಾಲ್ಕು ಸಲ ಕೈ ಎತ್ತಿದ!

ಎರಡು ದಿನ ನಿದ್ದೆ ಇಲ್ಲ. ಇಯರ್‌ಮಫ್ ಸಡಿಲವಾಗಿದೆಯಾ, ಟೇಬಲ್ ಅದುರುತ್ತಿದೆಯಾ, ಸೌಂಡ್ ಬಾಕ್ಸ್ ಈ ಕಡೆ ತಿರುಗಿದೆಯಾ? ಎಲ್ಲ ನೋಡಿದೆವು. ಕೊನೆಗೆ ಸುಮ್ನೆ ಅವನ ಹಿಂದೆ ನಿಂತು ಸ್ಕ್ರೀನ್ ನೋಡುತ್ತಿದ್ದೆ. ತಂಡದ ಮಾತಿಗೆ ನಾವು ಲೋಕಲ್ ಸರ್ವರ್‌ನಲ್ಲಿ ಮಂಬಲ್ ಅನ್ನುವ ವಾಯ್ಸ್ ಚಾಟ್ ಹಾಕಿದ್ದೇವೆ. ಸ್ಟೇಜ್ ಮೇಲೆ ಯಾರೂ ಬಾಯಿ ತೆಗೆದಿರಲಿಲ್ಲ. ಕೆಳಗಿನಿಂದ ಒಬ್ಬ "ಬಿ!" ಅಂತ ಕೂಗಿದ. ಅಷ್ಟೇ, ಮಂಬಲ್‌ನಲ್ಲಿ ಐದೂ ಹೆಸರಿನ ಪಕ್ಕದ ತುಟಿ ಗುರುತು ಒಟ್ಟಿಗೆ ಕೆಂಪಾಯಿತು.

ಕೂಗು ಹೆಚ್ಚಾಗಿ ಇಯರ್‌ಮಫ್ ದಾಟಿ ಬರುತ್ತಿರಲಿಲ್ಲ. ಜೊತೆಗಾರರ ನಾಲ್ಕು ಮೈಕ್ ಅದನ್ನು ಹಿಡಿದು, ನೇರವಾಗಿ ಅವನ ಇಯರ್‌ಬಡ್‌ಗೇ ಸುರಿಯುತ್ತಿದ್ದವು. ಒಬ್ಬನೇ ಕೂತಾಗ ಸಮಸ್ಯೆ ಇರದಿದ್ದದ್ದು ಅದಕ್ಕೇ. ಕಾಲರ್ ಮೈಕ್ ಸುತ್ತ ನಾಲ್ಕೂ ದಿಕ್ಕಿನ ಸದ್ದು ಹಿಡಿಯುತ್ತದೆ. ಬಾಯಿಂದ ಒಂದು ಗೇಣು ದೂರ ಇರುತ್ತದೆ, ಹಾಗಾಗಿ ಗೇನ್ (ಮೈಕ್ ಸದ್ದನ್ನು ಹಿಗ್ಗಿಸುವ ಪ್ರಮಾಣ) ಏರಿಸಲೇಬೇಕು. ಗೇನ್ ಏರಿಸಿದರೆ ಹುಡುಗನ ಮಾತಿನ ಜೊತೆ ಇಡೀ ಹಾಲ್ ಒಳಗೆ ಬರುತ್ತದೆ. ಅಂಗಡಿಯವರು ವಾಪಸ್ ತಗೊಳ್ಳಲ್ಲ ಅಂದರು. ಹತ್ತು ಮೈಕ್ ಈಗ ಕಪಾಟಿನಲ್ಲಿವೆ.

ಈಗಿನ ಸೆಟಪ್ ಹೀಗಿದೆ. ಬಾಯಿಯ ಹತ್ತಿರ ಬರುವ ಬೂಮ್ ಮೈಕ್ ಇರುವ, ಕಿವಿ ಪೂರ್ತಿ ಮುಚ್ಚುವ ಹಳೇ ಹೆಡ್‌ಸೆಟ್‌ಗೆ ಮೈಕ್ ಮತ್ತು ಸದ್ದನ್ನು ಬೇರೆ ಮಾಡುವ ವೈ ಕೇಬಲ್ ಹಾಕಿದೆವು. ಮೈಕ್‌ನ ಗುಲಾಬಿ ಪಿನ್ ಪಿಸಿಗೆ. ಸದ್ದಿನ ಹಸಿರು ಪಿನ್ ಮೆಮೊರಿ ಕಾರ್ಡ್ ಹಾಕುವ ಚಿಕ್ಕ ಎಂಪಿ3 ಪ್ಲೇಯರ್‌ಗೆ. ಆಟದ ಸದ್ದು ಒಳಗಿನ ಇಯರ್‌ಬಡ್‌ಗೆ. ಮೈಕ್ ತುಟಿಯ ಅಂಚಿನಿಂದ ಎರಡು ಬೆರಳು ದೂರ. ದೂರ ಅರ್ಧವಾದರೆ ಮಾತು ಸುಮಾರು 6 ಡೆಸಿಬೆಲ್ ಜಾಸ್ತಿ ಸಿಗುತ್ತದೆ, ಅದಕ್ಕೆ ಗೇನ್ ಧೈರ್ಯವಾಗಿ ಇಳಿಸಬಹುದು. ವಿಂಡೋಸ್‌ನ ಮೈಕ್ ಬೂಸ್ಟ್ ಪೂರ್ತಿ ತೆಗೆಯಿರಿ. ಪುಶ್ ಟು ಟಾಕ್ ಹಾಕಿದರೆ ಇನ್ನೂ ಭದ್ರ, ಆದರೆ ತಂಡದಲ್ಲಿ ಒಬ್ಬನೇ ಉಳಿದು ಆಡುವ ಕ್ಲಚ್‌ನಲ್ಲಿ ಇನ್ನೊಂದು ಕೀ ಒತ್ತೋದು ಕಷ್ಟ ಅಂತ ಹುಡುಗರು ಬೇಡಿಕೊಂಡರು. ಹಾಗಾಗಿ ಮಂಬಲ್‌ನ ವಾಯ್ಸ್ ಆಕ್ಟಿವಿಟಿ ಮಿತಿಯನ್ನು ಏರಿಸಿ, ಮಾತಿಗೆ ಮಾತ್ರ ತೆರೆಯುವ ಹಾಗೆ ಒಬ್ಬೊಬ್ಬರಿಗೂ ಬೇರೆಬೇರೆ ಇಟ್ಟೆವು.

ವೈಟ್ ನಾಯ್ಸ್ ಅರ್ಧ ಗಂಟೆಗೇ ಕಿವಿ ಚುಚ್ಚುತ್ತದೆ. ಪಿಂಕ್ ನಾಯ್ಸ್ ಮೆತ್ತಗಿದೆ. ಅದರ ಜೊತೆ ನಮ್ಮ ಮಾವನ ಮಂಡಕ್ಕಿ ಭಟ್ಟಿಯ ಸದ್ದನ್ನು ರೆಕಾರ್ಡ್ ಮಾಡಿ ಬೆರೆಸಿದೆ, ಅಕ್ಕಿ ಅರಳುವ ಚಟಪಟ ಕೂಗಿನ ಚೂಪನ್ನು ಚೆನ್ನಾಗಿ ಮುಚ್ಚುತ್ತದೆ. ವಾಲ್ಯೂಮ್ ಮಾತ್ರ ಏರಿಸಬೇಡಿ, ದಿನವಿಡೀ ಹುಡುಗರ ಕಿವಿಯ ಮೇಲಿರುವ ಸದ್ದು ಅದು.

ನಡುವೆ ಇನ್ನೊಂದು. ಚಿತ್ರದುರ್ಗದಲ್ಲಿ 16 ತಂಡದ ಸ್ವಿಸ್ ಮಾದರಿಯ ಟೂರ್ನಿ ಮಾಡುವ ಆಸೆ ತಲೆಗೆ ಹೊಕ್ಕಿದೆ, ಮೇಜರ್‌ನಲ್ಲಿರುವ ಹಾಗೆ ಮೂರು ಗೆದ್ದವರು ಮೇಲೆ, ಮೂರು ಸೋತವರು ಮನೆಗೆ. ಲೆಕ್ಕ ಹಾಕಿದೆ. ಸುತ್ತುಗಳಲ್ಲಿ 8, 8, 8, 6, 3, ಒಟ್ಟು 33 ಪಂದ್ಯ. ಒಂದು ಮ್ಯಾಪ್‌ಗೆ 50 ನಿಮಿಷ ಅಂದರೂ ಹತ್ತು ಪಿಸಿಯಲ್ಲಿ 27 ಗಂಟೆ ದಾಟುತ್ತದೆ. ಇಪ್ಪತ್ತು ಪಿಸಿ, ಎರಡು ದಿನ ಬೇಕು. ಅಲ್ಲಿಯವರೆಗೆ ದಾವಣಗೆರೆಯಲ್ಲಿ 8 ತಂಡ, ನಾಲ್ಕರ ಎರಡು ಗುಂಪು, ಎರಡು ಸೋತರೆ ಔಟ್. ಸೆಮಿ, ಫೈನಲ್ ಸೇರಿ 13 ಪಂದ್ಯ. ಚಿತ್ರದುರ್ಗದಲ್ಲಿ ಹಾಲ್ ಗೊತ್ತಿರುವವರು ದಯವಿಟ್ಟು ಹೇಳಿ. ಜನರೇಟರ್ ಇರಲೇಬೇಕು.

ನಿನ್ನೆಯ ಕೊನೇ ಟೆಸ್ಟ್‌ಗೆ ಮಂಟಪದ ವಾಚ್‌ಮನ್ ಅಜ್ಜ ಬಂದರು. ಮೂರು ವಾರದಿಂದ ನೋಡಿ ನೋಡಿ ಅವರಿಗೂ ಆಟ ಹತ್ತಿದೆ. ಇಪ್ಪತ್ತನೇ ಕೂಗು ಅವರದ್ದೇ, "ಬಾಂಬ್ ಬಿ ಕಡೆ ಐತಲೇ!" ಅಂತ ಎದೆ ತುಂಬಿ ಕೂಗಿದರು. ನಾನು ಸ್ಕ್ರೀನ್ ನೋಡುತ್ತಿದ್ದೆ. ಒಂದು ತುಟಿಯೂ ಕೆಂಪಾಗಲಿಲ್ಲ. ಹುಡುಗ ಎ ಕಡೆಯೇ ಓಡಿದ.